ಆಟದ ಯಂತ್ರದ ಬೆಲೆ ಮತ್ತು ಮೌಲ್ಯ

ಆಟವಾಡುವುದು ಮನುಷ್ಯನ ಸಹಜ ಪ್ರವೃತ್ತಿಗಳಲ್ಲಿ ಒಂದು. ಅಳಗುಳಿಮಣೆ, ಚೌಕಾಬಾರ, ಪಗಡೆ ಮೊದಲಾದ ಮನೆಯೊಳಗಿನ ಆಟಗಳು ತಲೆಮಾರುಗಳಿಂದ ನಡೆದುಬಂದಿವೆ. ಇವುಗಳಿಗೆ ಬೇಕಾಗುವ ಸಲಕರಣೆಗಳು ಅತ್ಯಲ್ಪ. ಅಜ್ಜಿ ಆಡಿದ ಮಣೆಯ ಮೇಲೆಯೇ ಮೊಮ್ಮಗಳೂ ಆಡಬಹುದು. ಹುಣಿಸೆಬೀಜ ಹಳೆಯದಾಯಿತೆಂಬ ಕಾರಣಕ್ಕೆ ಆಟ ನಿಲ್ಲುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿದ ವಿಡಿಯೋ ಆಟದ ಸ್ವರೂಪವೇ ಬೇರೆ. ಅದನ್ನು ಮನೆಯಲ್ಲಿ ಆಡಲು ಕನ್ಸೋಲ್ ಎಂಬ ಯಂತ್ರವೊಂದು ಬೇಕು. ಕೆಲವು ವರ್ಷಗಳಿಗೊಮ್ಮೆ ಹೊಸ ಕನ್ಸೋಲ್ ಮಾರುಕಟ್ಟೆಗೆ ಬರುತ್ತದೆ. ಹಳೆಯದು ಕ್ರಮೇಣ ಮೂಲೆ ಸೇರುತ್ತದೆ. ಹೀಗೆ ಹೊಸದೊಂದು ಬಂದಾಗಲೆಲ್ಲ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮಕ್ಕಳ ಆಸೆ ಒಂದು ಕಡೆ, ತಾಯಿತಂದೆಯರ ಸಂಪಾದನೆಯ ಮಿತಿ ಇನ್ನೊಂದು ಕಡೆ. ಹೊಸ ಯಂತ್ರವು ಕೊಳ್ಳಲು ಯೋಗ್ಯವೇ, ಅಲ್ಲವೇ? ಈ ಪ್ರಶ್ನೆಗೆ ಜಾಹೀರಾತು ಕೊಡುವ ಉತ್ತರ ಒಂದೇ. ವಿವೇಕಿಯಾದ ಗ್ರಾಹಕನಾದರೋ ಯಂತ್ರದ ಇತಿಹಾಸವನ್ನೂ ವ್ಯಾಪಾರದ ಒಳಮರ್ಮವನ್ನೂ ತನ್ನ ಮನೆಯ ಲೆಕ್ಕವನ್ನೂ ಒಟ್ಟಿಗೆ ಇಟ್ಟು ನೋಡುತ್ತಾನೆ.

ಮನೆಯಲ್ಲಿ ಬಳಸುವ ಮೊತ್ತಮೊದಲ ಆಟದ ಯಂತ್ರ 1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ರಾಲ್ಫ್ ಬೇಯರ್ ಎಂಬ ಎಂಜಿನಿಯರನ ಕಲ್ಪನೆಯಿಂದ ಮೂಡಿದ ಈ ಯಂತ್ರವನ್ನು ಮ್ಯಾಗ್ನವಾಕ್ಸ್ ಸಂಸ್ಥೆ 'ಒಡಿಸಿ' ಎಂಬ ಹೆಸರಿನಲ್ಲಿ ಹೊರತಂದಿತು. ಅದಕ್ಕೆ ಶಬ್ದವಿರಲಿಲ್ಲ. ತೆರೆಯ ಮೇಲೆ ಕೆಲವು ಬಿಳಿಯ ಚುಕ್ಕೆಗಳು ಮಾತ್ರ ಚಲಿಸುತ್ತಿದ್ದವು; ಆಟಕ್ಕೆ ತಕ್ಕ ಬಣ್ಣದ ಚಿತ್ರವಿರುವ ಪಾರದರ್ಶಕ ಹಾಳೆಯನ್ನು ಟೆಲಿವಿಷನ್ನಿನ ಗಾಜಿಗೆ ಅಂಟಿಸಿಕೊಳ್ಳಬೇಕಾಗಿತ್ತು. 1976ರಲ್ಲಿ ಮಹತ್ತ್ವದ ಬದಲಾವಣೆಯಾಯಿತು. ಜೆರ್ರಿ ಲಾಸನ್ ಎಂಬ ಎಂಜಿನಿಯರನ ನೇತೃತ್ವದಲ್ಲಿ ಸಿದ್ಧವಾದ 'ಫೇರ್‌ಚೈಲ್ಡ್ ಚಾನೆಲ್ ಎಫ್' ಎಂಬ ಯಂತ್ರದಲ್ಲಿ ಆಟದ ಕಾರ್ಯಸೂಚಿಯನ್ನು ಕಾರ್ಟ್ರಿಜ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಅಡಕಗೊಳಿಸಲಾಗಿತ್ತು. ಡಬ್ಬಿಯನ್ನು ಬದಲಿಸಿದರೆ ಆಟವೇ ಬದಲಾಗುತ್ತಿತ್ತು. ಮರುವರ್ಷ ಬಂದ ಅಟಾರಿ ಸಂಸ್ಥೆಯ ಯಂತ್ರ ಈ ವಿಧಾನವನ್ನು ಮನೆಮನೆಗೆ ತಲುಪಿಸಿತು.

ಈ ಬದಲಾವಣೆಯ ಪರಿಣಾಮ ತಾಂತ್ರಿಕ ಸೌಕರ್ಯಕ್ಕಷ್ಟೇ ಸೀಮಿತವಾಗಲಿಲ್ಲ. ಅಂದಿನಿಂದ ಯಂತ್ರ ಬೇರೆ, ಆಟ ಬೇರೆ ಎಂದಾಯಿತು. ಕೊಳ್ಳುವವನು ಎರಡಕ್ಕೂ ಪ್ರತ್ಯೇಕವಾಗಿ ಹಣ ತೆರಬೇಕಾಯಿತು. ಇಂದಿಗೂ ಕನ್ಸೋಲ್ ವ್ಯಾಪಾರದ ತಳಹದಿ ಇದೇ ಆಗಿದೆ. ದೀಪವನ್ನು ಅಗ್ಗವಾಗಿ ಕೊಟ್ಟು, ಅದಕ್ಕೆ ಬೇಕಾದ ಎಣ್ಣೆಯನ್ನು ಮಾರಿ ಲಾಭ ಗಳಿಸುವ ವರ್ತಕನಂತೆ ಕನ್ಸೋಲ್ ತಯಾರಕರು ಅನೇಕ ವೇಳೆ ಯಂತ್ರವನ್ನು ಅತ್ಯಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೇ ಮಾರುತ್ತಾರೆ. 2006ರಲ್ಲಿ ಬಂದ ಸೋನಿ ಸಂಸ್ಥೆಯ 'ಪ್ಲೇಸ್ಟೇಷನ್ 3' ಆರಂಭದಲ್ಲಿ ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರಾಟವಾಯಿತು. ನಷ್ಟವನ್ನು ತುಂಬಿಕೊಡುವುದು ಆಟಗಳ ಮಾರಾಟ. ಇತರ ಸಂಸ್ಥೆಗಳು ಆ ಯಂತ್ರಕ್ಕಾಗಿ ಆಟಗಳನ್ನು ತಯಾರಿಸಿದರೆ ಪ್ರತಿಯೊಂದು ಮಾರಾಟದಲ್ಲಿಯೂ ಯಂತ್ರದ ಒಡೆಯನಿಗೆ ಒಂದು ಪಾಲು ಸಲ್ಲುತ್ತದೆ. ಆದುದರಿಂದ ಅಂಗಡಿಯ ಗಾಜಿನ ಹಿಂದೆ ಬರೆದಿರುವ ಯಂತ್ರದ ಬೆಲೆ ಖರ್ಚಿನ ಕೊನೆಯಲ್ಲ, ಆರಂಭ. ಆನೆಯನ್ನು ಕೊಳ್ಳುವುದಕ್ಕಿಂತ ಸಾಕುವುದು ಕಷ್ಟ ಎಂಬ ತಿಳಿವಳಿಕೆ ಇಲ್ಲಿಯೂ ಅನ್ವಯಿಸುತ್ತದೆ.

ಇದನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸಬಹುದು. 'ಪ್ಲೇಸ್ಟೇಷನ್ 5' ಭಾರತದಲ್ಲಿ 2021ರ ಫೆಬ್ರವರಿ 2ರಂದು ಬಿಡುಗಡೆಯಾದಾಗ ಡಿಸ್ಕ್ ಬಳಸುವ ಮಾದರಿಯ ಬೆಲೆ 49,990 ರೂಪಾಯಿ. ಆ ಯಂತ್ರಕ್ಕೆಂದೇ ಬಂದ ದೊಡ್ಡ ಆಟಗಳಲ್ಲಿ ಕೆಲವು 4,999 ರೂಪಾಯಿಗೆ ಮಾರಾಟವಾದವು. ಎಂದರೆ ಅಂತಹ ಹತ್ತು ಆಟಗಳ ಬೆಲೆ ಯಂತ್ರದ ಬೆಲೆಗೆ ಸರಿಸಮ. ಜೊತೆಯಲ್ಲಿ ಇನ್ನೊಬ್ಬರು ಆಡಬೇಕಾದರೆ ಎರಡನೆಯ ಕಂಟ್ರೋಲರಿಗೆ 5,990 ರೂಪಾಯಿ. ಒಂದು ಕುಟುಂಬ ಈ ಯಂತ್ರವನ್ನು ಐದು ವರ್ಷ ಬಳಸಿ, ವರ್ಷಕ್ಕೆ ಎರಡರಂತೆ ಹತ್ತು ಆಟಗಳನ್ನು ಕೊಂಡಿತೆಂದು ಭಾವಿಸಿದರೆ ಒಟ್ಟು ವೆಚ್ಚ 1,05,970 ರೂಪಾಯಿ. ಈ ಲೆಕ್ಕದಲ್ಲಿ ಟೆಲಿವಿಷನ್, ವಿದ್ಯುತ್ತು, ಅಂತರಜಾಲ ಸಂಪರ್ಕ ಹಾಗೂ ದೂರದ ಗೆಳೆಯರೊಡನೆ ಆಡಲು ತೆರಬೇಕಾದ ಚಂದಾ ಇವು ಯಾವುವೂ ಸೇರಿಲ್ಲ.

ಈ ಮೊತ್ತ ಹೆಚ್ಚೋ ಕಡಿಮೆಯೋ ಎಂಬುದನ್ನು ಹಣದ ಮೊತ್ತವೊಂದೇ ಹೇಳಲಾರದು. ಬಳಕೆಯ ಅವಧಿಯನ್ನೂ ಗಣಿಸಬೇಕು. ವಾರಕ್ಕೆ ಐದು ಗಂಟೆಯಂತೆ ಐದು ವರ್ಷ ಆಡಿದರೆ 1,300 ಗಂಟೆಗಳಾಗುತ್ತವೆ. ಗಂಟೆಯೊಂದಕ್ಕೆ ಬೀಳುವ ವೆಚ್ಚ ಸುಮಾರು 82 ರೂಪಾಯಿ. ಮನೆಯ ಮೂವರು ಕೂಡಿ ಆನಂದಿಸಿದರೆ ಒಬ್ಬೊಬ್ಬರ ಪಾಲು ಇನ್ನೂ ಕಡಿಮೆ. ಆದರೆ ಮೊದಲ ತಿಂಗಳ ಉತ್ಸಾಹ ಇಳಿದು ವಾರಕ್ಕೆ ಒಂದೇ ಗಂಟೆಯ ಬಳಕೆ ಉಳಿದರೆ ಅದೇ ಯಂತ್ರದ ಒಂದು ಗಂಟೆಯ ಆಟಕ್ಕೆ 407 ರೂಪಾಯಿಗೂ ಹೆಚ್ಚು ಖರ್ಚು ಬಿದ್ದಂತಾಯಿತು. ಯಂತ್ರ ಅದೇ, ಬೆಲೆ ಅದೇ. ಮೌಲ್ಯ ಮಾತ್ರ ಐದು ಪಟ್ಟು ವ್ಯತ್ಯಾಸವಾಯಿತು. ಬೆಲೆಯನ್ನು ತಯಾರಕನು ನಿಗದಿ ಮಾಡುತ್ತಾನೆ. ಮೌಲ್ಯವನ್ನು ಬಳಸುವವನ ಜೀವನಕ್ರಮ ನಿಗದಿ ಮಾಡುತ್ತದೆ. ಪರೀಕ್ಷೆಗೆ ಓದುವ, ದೂರದ ಶಾಲೆಗೆ ಹೋಗಿಬರುವ, ಮೈದಾನದ ಆಟದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗೆ ನಿಜವಾಗಿ ಉಳಿಯುವ ಬಿಡುವು ಎಷ್ಟೆಂಬುದನ್ನು ಕೊಳ್ಳುವ ಮೊದಲೇ ಪ್ರಾಮಾಣಿಕವಾಗಿ ಎಣಿಸುವುದು ಒಳಿತು.

ಎರಡನೆಯದಾಗಿ ಗಮನಿಸಬೇಕಾದುದು ಆಟಗಳ ಗುಣ. ಆಟಗಳಿಲ್ಲದ ಕನ್ಸೋಲ್ ಪುಸ್ತಕಗಳಿಲ್ಲದ ಕಪಾಟಿನಂತೆ. ಈ ಸತ್ಯವನ್ನು ಅಮೆರಿಕದ ವ್ಯಾಪಾರಿಗಳು ಅಪಾರ ನಷ್ಟದ ಮೂಲಕ ಕಲಿತರು. 1980ರಲ್ಲಿ 'ಸ್ಪೇಸ್ ಇನ್‌ವೇಡರ್ಸ್' ಎಂಬ ಜನಪ್ರಿಯ ಆಟ ಅಟಾರಿ ಯಂತ್ರಕ್ಕೆ ದೊರೆತಾಗ, ಆ ಒಂದು ಆಟಕ್ಕಾಗಿಯೇ ಜನರು ಯಂತ್ರವನ್ನು ಕೊಂಡರು. ಈ ಯಶಸ್ಸನ್ನು ಕಂಡು ಹತ್ತಾರು ಸಂಸ್ಥೆಗಳು ಅವಸರದಲ್ಲಿ ಆಟಗಳನ್ನು ತಯಾರಿಸಿ ಪೇಟೆಗೆ ಸುರಿದವು. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತಿಳಿಯದೆ ಗ್ರಾಹಕರು ಬೇಸತ್ತರು. 1983ರಲ್ಲಿ ಅಲ್ಲಿನ ವಿಡಿಯೋ ಆಟದ ಮಾರುಕಟ್ಟೆಯೇ ಕುಸಿಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಟಾರಿ ಸಂಸ್ಥೆ ಮಾರಾಟವಾಗದೆ ಉಳಿದ ಸರಕನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋ ರಾಜ್ಯದ ಅಲಮೊಗೊರ್ಡೊ ಊರಿನ ಕಸದ ಹಳ್ಳದಲ್ಲಿ ಹೂಳಿಸಿತು. 2014ರ ಏಪ್ರಿಲ್‌ನಲ್ಲಿ ಆ ಸ್ಥಳವನ್ನು ಅಗೆದಾಗ ಹೂತ ಕಾರ್ಟ್ರಿಜ್‌ಗಳು ದೊರೆತವು. ಯಂತ್ರಗಳು ಕೆಟ್ಟಿರಲಿಲ್ಲ, ಅವುಗಳಲ್ಲಿ ಆಡಬೇಕೆನಿಸುವ ಹೊಸ ಆಟಗಳು ಇಲ್ಲವಾಗಿದ್ದವು.

ಇದೇ ಸಮಯದಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಬೇರೊಂದು ಮಾರ್ಗವನ್ನು ಹಿಡಿಯಿತು. 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂತಹ ಎಲೆಗಳನ್ನು ತಯಾರಿಸಲು ಹುಟ್ಟಿಕೊಂಡ ಸಂಸ್ಥೆ ಇದು. 1983ರ ಜುಲೈ 15ರಂದು 'ಫ್ಯಾಮಿಕಾಮ್' ಎಂಬ ಯಂತ್ರವನ್ನು 14,800 ಯೆನ್ ಬೆಲೆಗೆ ಅದು ಹೊರತಂದಿತು. 1985ರಲ್ಲಿ ಅದರ ರೂಪಾಂತರವನ್ನು ಅಮೆರಿಕಕ್ಕೆ ಒಯ್ದಾಗ, ತನ್ನ ಅನುಮತಿಯಿಲ್ಲದ ಆಟಗಳು ನಡೆಯದಂತೆ ಯಂತ್ರದೊಳಗೆ ಬೀಗದಂತೆ ಕೆಲಸ ಮಾಡುವ ಚಿಪ್ಪೊಂದನ್ನು ಅಳವಡಿಸಿತು. ಹೊರಗಿನ ಸಂಸ್ಥೆಯೊಂದು ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ತರಬಾರದೆಂದು ಕಟ್ಟುಪಾಡು ವಿಧಿಸಿತು. ಈ ಕಟ್ಟುಪಾಡಿನಿಂದ ನಿಂಟೆಂಡೊಗೆ ಅಧಿಕಾರವೂ ಲಾಭವೂ ಹೆಚ್ಚಿದವೆಂಬುದು ನಿಜ. ಆದರೂ ಗ್ರಾಹಕರ ನಂಬಿಕೆ ಮರಳಿತು. ಆರು ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಇದರಿಂದ ತಿಳಿಯುತ್ತದೆ. "ಈ ಯಂತ್ರ ಎಷ್ಟು ಶಕ್ತಿಯುತ?" ಎಂಬುದಕ್ಕಿಂತ "ಇದರಲ್ಲಿ ಮಾತ್ರ ದೊರೆಯುವ, ತನಗೆ ನಿಜವಾಗಿ ಬೇಕಾದ ಆಟಗಳು ಇಂದು ಎಷ್ಟಿವೆ?" ಎಂಬುದು ಮುಖ್ಯವಾದುದು. ಮುಂದೆ ಬರಲಿರುವ ಆಟಗಳು ವಚನಗಳು ಮಾತ್ರ. ವಚನ ತಡವಾಗಬಹುದು, ತಪ್ಪಲೂಬಹುದು.

ಶಕ್ತಿಯೊಂದೇ ಯೋಗ್ಯತೆಯ ಅಳತೆಗೋಲಲ್ಲವೆಂಬುದಕ್ಕೆ 1989ರಲ್ಲಿ ಬಂದ 'ಗೇಮ್ ಬಾಯ್' ಎಂಬ ಕೈಯಂತ್ರ ಉತ್ತಮ ಸಾಕ್ಷಿ. ಗುನ್‌ಪೇ ಯೊಕೊಯಿ ಎಂಬಾತನ ನೇತೃತ್ವದಲ್ಲಿ ರೂಪುಗೊಂಡ ಈ ಯಂತ್ರದ ತೆರೆಯಲ್ಲಿ ಬಣ್ಣಗಳಿರಲಿಲ್ಲ, ಹಿಂಬದಿಯ ಬೆಳಕೂ ಇರಲಿಲ್ಲ. ಅನಂತರ ಬಂದ ಸೆಗಾ ಸಂಸ್ಥೆಯ 'ಗೇಮ್ ಗಿಯರ್' ಬಣ್ಣದ, ಬೆಳಗುವ ತೆರೆಯನ್ನು ಹೊಂದಿತ್ತು. ಆದರೆ ಅದು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್ಲುಗಳಿಂದ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ನಡೆಯುತ್ತಿತ್ತು. ಪ್ರಯಾಣದಲ್ಲಿ ಆಡುವವನಿಗೆ ಬೇಕಾದುದು ದೀರ್ಘ ಬಾಳಿಕೆ. ಚೆನ್ನಾಗಿ ಪಳಗಿ ಅಗ್ಗವಾಗಿರುವ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸಬೇಕೆಂಬುದು ಯೊಕೊಯಿಯ ಸಿದ್ಧಾಂತವಾಗಿತ್ತು. ಗೇಮ್ ಬಾಯ್ ಮತ್ತು ಅದರ ಬಣ್ಣದ ರೂಪ ಸೇರಿ ಹನ್ನೊಂದು ಕೋಟಿಗೂ ಹೆಚ್ಚು ಮಾರಾಟವಾದದ್ದು ಆ ಸಿದ್ಧಾಂತದ ಸಾರ್ಥಕತೆಯನ್ನು ತೋರಿಸುತ್ತದೆ.

ಮೂರನೆಯ ವಿಚಾರ ಕಾಲಕ್ಕೆ ಸಂಬಂಧಿಸಿದುದು. ಯಾವಾಗ ಕೊಳ್ಳಬೇಕು? 'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ಗಾದೆಯನ್ನು 2011ರಲ್ಲಿ ಅನೇಕ ಗ್ರಾಹಕರು ನೆನೆಯಬೇಕಾದ ಪ್ರಸಂಗ ಒದಗಿತು. ಆ ವರ್ಷದ ಫೆಬ್ರವರಿ 26ರಂದು ನಿಂಟೆಂಡೊ ಸಂಸ್ಥೆ 'ತ್ರೀಡಿಎಸ್' ಎಂಬ ಕೈಯಂತ್ರವನ್ನು ಜಪಾನಿನಲ್ಲಿ 25,000 ಯೆನ್ ಬೆಲೆಗೆ ಬಿಡುಗಡೆ ಮಾಡಿತು. ಕನ್ನಡಕವಿಲ್ಲದೆಯೇ ಚಿತ್ರದ ಆಳವನ್ನು ಕಾಣಿಸುವುದು ಅದರ ವೈಶಿಷ್ಟ್ಯ. ಆದರೆ ಆಕರ್ಷಕವಾದ ಆಟಗಳು ಆರಂಭದಲ್ಲಿ ಕಡಿಮೆಯಿದ್ದುದರಿಂದ ಮಾರಾಟ ಕುಂಠಿತವಾಯಿತು. ಆರು ತಿಂಗಳು ತುಂಬುವ ಮೊದಲೇ, ಆಗಸ್ಟ್ 11ರಂದು, ಬೆಲೆಯನ್ನು 15,000 ಯೆನ್ನಿಗೆ ಇಳಿಸಲಾಯಿತು. ಮೊದಲೇ ಕೊಂಡವರಿಗೆ ಸಮಾಧಾನವಾಗಿ ಇಪ್ಪತ್ತು ಹಳೆಯ ಆಟಗಳನ್ನು ಉಚಿತವಾಗಿ ಕೊಡಲಾಯಿತು. ಸಂಸ್ಥೆಯ ಅಧ್ಯಕ್ಷರಾಗಿದ್ದ ಸಟೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಮುಂದೆ ಒಳ್ಳೆಯ ಆಟಗಳು ಬಂದು ಆ ಯಂತ್ರ ಏಳೂವರೆ ಕೋಟಿಗೂ ಮೀರಿ ಮಾರಾಟವಾಯಿತು. ಯಂತ್ರ ಒಳ್ಳೆಯದೇ ಆಗಿತ್ತು. ಮೊದಲ ದಿನ ಕೊಳ್ಳುವುದು ಮಾತ್ರ ದುಬಾರಿಯಾಗಿತ್ತು.

ಮೊದಲ ತಂಡದ ಯಂತ್ರಗಳಲ್ಲಿ ದೋಷಗಳು ಅಡಗಿರುವ ಸಂಭವವೂ ಉಂಟು. 2005ರಲ್ಲಿ ಬಂದ ಮೈಕ್ರೋಸಾಫ್ಟ್ ಸಂಸ್ಥೆಯ 'ಎಕ್ಸ್‌ಬಾಕ್ಸ್ 360' ಯಂತ್ರಗಳು ಅಪಾರ ಸಂಖ್ಯೆಯಲ್ಲಿ ಕೆಟ್ಟು, ಮುಂಭಾಗದಲ್ಲಿ ಕೆಂಪು ದೀಪಗಳನ್ನು ತೋರಿ ನಿಂತುಬಿಡುತ್ತಿದ್ದವು. 2007ರ ಜುಲೈನಲ್ಲಿ ಸಂಸ್ಥೆ ಈ ದೋಷಕ್ಕೆ ಖಾತರಿಯ ಅವಧಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ದುರಸ್ತಿಗಾಗಿ ನೂರು ಕೋಟಿ ಡಾಲರಿಗೂ ಹೆಚ್ಚಿನ ಹಣವನ್ನು ತೆಗೆದಿಟ್ಟಿತು. ಕಾದು ಕೊಂಡವನಿಗೆ ಇಂತಹ ದೋಷಗಳ ಅರಿವು ಇತರರ ಅನುಭವದಿಂದಲೇ ದೊರೆಯುತ್ತದೆ.

ಹಾಗೆಂದು ಕಾಯುವುದರಿಂದ ಬೆಲೆ ಇಳಿದೇ ಇಳಿಯುತ್ತದೆಂದು ನಂಬುವಂತಿಲ್ಲ. ಹಿಂದೆ ಅದು ಬಹುಮಟ್ಟಿಗೆ ನಿಜವಾಗಿತ್ತು. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ 'ಪ್ಲೇಸ್ಟೇಷನ್ 2' 2009ರ ವೇಳೆಗೆ 99 ಡಾಲರಿಗೆ ದೊರೆಯುತ್ತಿತ್ತು. ಚಿಪ್ಪುಗಳ ತಯಾರಿಕೆ ವರ್ಷವರ್ಷಕ್ಕೂ ಅಗ್ಗವಾಗುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. ಆದರೆ 2020ರ ದಶಕದಲ್ಲಿ ಪರಿಸ್ಥಿತಿ ತಿರುವುಮುರುವಾಯಿತು. ಅಮೆರಿಕದಲ್ಲಿ 2020ರ ನವೆಂಬರಿನಲ್ಲಿ 499 ಡಾಲರಿಗೆ ಬಂದ ಪ್ಲೇಸ್ಟೇಷನ್ 5ರ ಡಿಸ್ಕ್ ಮಾದರಿಯ ಬೆಲೆಯನ್ನು 2025ರ ಆಗಸ್ಟಿನಲ್ಲಿ 549 ಡಾಲರಿಗೆ ಏರಿಸಲಾಯಿತು. ಹೀಗಾಗಿ ಕಾಯುವವನಿಗೆ ಖಂಡಿತವಾಗಿ ದೊರೆಯುವುದು ತಿಳಿವಳಿಕೆಯೇ ಹೊರತು ಅಗ್ಗದ ಬೆಲೆಯಲ್ಲ. ಯಂತ್ರ ಬಾಳಿಕೆ ಬರುವುದೇ, ಆಟಗಳು ಬಂದವೇ, ತಯಾರಕನು ಮಾತು ಉಳಿಸಿಕೊಂಡನೇ ಎಂಬುದು ಒಂದು ವರ್ಷದೊಳಗೆ ಬಹುಪಾಲು ತಿಳಿದುಬಿಡುತ್ತದೆ.

ತಯಾರಕನ ಸ್ಥೈರ್ಯವನ್ನೂ ಕಡೆಗಣಿಸಲಾಗದು. ಸೆಗಾ ಸಂಸ್ಥೆಯ 'ಡ್ರೀಮ್‌ಕಾಸ್ಟ್' 1999ರ ಸೆಪ್ಟೆಂಬರ್ 9ರಂದು ಅಮೆರಿಕಕ್ಕೆ ಬಂದಾಗ ತಜ್ಞರ ಮೆಚ್ಚುಗೆಯನ್ನೂ ಜನರ ಸ್ವಾಗತವನ್ನೂ ಗಳಿಸಿತು. ಆದರೆ ಸಂಸ್ಥೆಯ ಹಣಕಾಸು ಹಿಂದಿನ ಸೋಲುಗಳಿಂದ ಜರ್ಝರಿತವಾಗಿತ್ತು. ಡಿವಿಡಿ ಚಲನಚಿತ್ರಗಳನ್ನೂ ತೋರಿಸುವ, ಹಳೆಯ ಪ್ಲೇಸ್ಟೇಷನ್ನಿನ ಆಟಗಳನ್ನೂ ನಡೆಸುವ ಪ್ಲೇಸ್ಟೇಷನ್ 2 ಎದುರಾಳಿಯಾಗಿ ನಿಂತಿತು. 2001ರ ಮಾರ್ಚಿನಲ್ಲಿ ಡ್ರೀಮ್‌ಕಾಸ್ಟಿನ ತಯಾರಿಕೆ ನಿಂತೇಹೋಯಿತು. ಒಳ್ಳೆಯ ಯಂತ್ರವನ್ನು ಆರಿಸಿದವರೂ ಎರಡು ವರ್ಷದೊಳಗೆ ಹೊಸ ಆಟಗಳ ಹರಿವು ಬತ್ತುವುದನ್ನು ಕಂಡರು.

ಇಲ್ಲಿಯೇ ಹಳೆಯ ಆಟಗಳ ಪ್ರಶ್ನೆಯೂ ಬರುತ್ತದೆ. ಹಳೆಯ ಡಿಸ್ಕುಗಳು ಹೊಸ ಯಂತ್ರದಲ್ಲಿ ನಡೆದರೆ ಹಿಂದೆ ಮಾಡಿದ ವೆಚ್ಚ ಉಳಿಯುತ್ತದೆ; ನಡೆಯದಿದ್ದರೆ ಪುನಃ ಮೊದಲಿನಿಂದ ಆರಂಭಿಸಬೇಕು. 2012ರಲ್ಲಿ ಬಂದ ನಿಂಟೆಂಡೊದ 'ವೀ ಯು' ಎಂಬ ಯಂತ್ರದ ಡಿಸ್ಕುಗಳು 2017ರಲ್ಲಿ ಬಂದ 'ಸ್ವಿಚ್' ಯಂತ್ರದಲ್ಲಿ ನಡೆಯುವಂತಿರಲಿಲ್ಲ. ಅದರ ಪ್ರಸಿದ್ಧ ಆಟಗಳಲ್ಲಿ ಹಲವು ಸ್ವಿಚ್ಚಿಗಾಗಿ ಮರಳಿ ಬಂದವು. ಆಡಬಯಸಿದವರು ಮತ್ತೊಮ್ಮೆ ಹಣ ತೆತ್ತರು. 2025ರ ಜೂನ್ 5ರಂದು ಬಂದ 'ಸ್ವಿಚ್ 2' ಯಂತ್ರದಲ್ಲಾದರೋ ಹಿಂದಿನ ಸ್ವಿಚ್ಚಿನ ಬಹುತೇಕ ಆಟಗಳು ನಡೆಯುತ್ತವೆ.

ಡಿಸ್ಕಿನ ಬದಲು ಅಂತರಜಾಲದ ಮೂಲಕವೇ ಆಟವನ್ನು ಕೊಳ್ಳುವ ಪದ್ಧತಿ ಈಗ ವ್ಯಾಪಕವಾಗಿದೆ. ಪ್ಲೇಸ್ಟೇಷನ್ 5ರ ಡಿಸ್ಕ್‌ರಹಿತ ಮಾದರಿ ಭಾರತದಲ್ಲಿ 39,990 ರೂಪಾಯಿಗೆ ಬಂದುದರಿಂದ ಹತ್ತು ಸಾವಿರ ರೂಪಾಯಿ ಉಳಿತಾಯವೆಂದು ಮೇಲ್ನೋಟಕ್ಕೆ ತೋರಿತು. ಆದರೆ ಡಿಸ್ಕನ್ನು ಗೆಳೆಯನಿಗೆ ಎರವಲು ಕೊಡಬಹುದು, ಆಡಿ ಮುಗಿದ ಮೇಲೆ ಮಾರಬಹುದು, ಇನ್ನೊಬ್ಬರು ಬಳಸಿದ್ದನ್ನು ಅಗ್ಗವಾಗಿ ಕೊಳ್ಳಬಹುದು. ಅಂತರಜಾಲದಲ್ಲಿ ಕೊಂಡ ಆಟಕ್ಕೆ ಈ ಸೌಲಭ್ಯಗಳಿಲ್ಲ. ಪ್ರತಿ ಆಟದ ಮೇಲೆ ಸಾವಿರ ರೂಪಾಯಿ ಮರಳಿ ಪಡೆಯಬಲ್ಲವನಿಗೆ ಹತ್ತು ಆಟಗಳಲ್ಲಿ ಆ ಉಳಿತಾಯ ಸರಿಹೋಗುತ್ತದೆ. ಅಲ್ಲದೆ ಆ ಅಂಗಡಿಯ ಬಾಗಿಲು ಸದಾ ತೆರೆದಿರುತ್ತದೆಂಬ ಭರವಸೆಯೂ ಇಲ್ಲ. ತ್ರೀಡಿಎಸ್ ಮತ್ತು ವೀ ಯು ಯಂತ್ರಗಳ ಅಂತರಜಾಲ ಅಂಗಡಿಗಳು 2023ರ ಮಾರ್ಚಿನಲ್ಲಿ ಹೊಸ ಮಾರಾಟವನ್ನು ನಿಲ್ಲಿಸಿದವು.

ಈ ವಿವೇಚನೆಯ ಅರ್ಥ ಆಟದ ಯಂತ್ರವು ವ್ಯರ್ಥವೆಂದಲ್ಲ. ಒಳ್ಳೆಯ ಆಟ ಕಣ್ಣು ಕೈಗಳ ಚುರುಕನ್ನು ಬೇಡುತ್ತದೆ, ಬುದ್ಧಿಗೆ ಕೆಲಸ ಕೊಡುತ್ತದೆ, ಅಣ್ಣತಂಗಿಯರನ್ನು ಒಂದೆಡೆ ಕೂಡಿಸುತ್ತದೆ. ಸಂಗೀತಕ್ಕೆ, ಪ್ರವಾಸಕ್ಕೆ ವೆಚ್ಚ ಮಾಡುವಂತೆ ಇದಕ್ಕೂ ವೆಚ್ಚ ಮಾಡುವುದು ತಪ್ಪಲ್ಲ. ಆದರೆ ಹಾಸಿಗೆಯ ಉದ್ದವನ್ನು ನೋಡಿಯೇ ಕಾಲು ಚಾಚಬೇಕು. ಹಾಸಿಗೆಯ ಉದ್ದವನ್ನು ಅಳೆಯುವ ಕೆಲಸ ತಾಯಿತಂದೆಯರಿಗೆ ಮಾತ್ರ ಸೇರಿದುದಲ್ಲ. ಆಸೆಪಡುವ ಮಕ್ಕಳೂ ಅದರಲ್ಲಿ ಪಾಲುಗೊಳ್ಳಬೇಕು. ಬೇಕಾದ ಆಟಗಳ ಹೆಸರುಗಳನ್ನು ಬರೆದು, ಅವುಗಳಲ್ಲಿ ಹಳೆಯ ಯಂತ್ರದಲ್ಲಿಯೂ ದೊರೆಯುವುವನ್ನು ಹೊಡೆದುಹಾಕಬೇಕು. ಉಳಿದವು ಎರಡೋ ಮೂರೋ ಆದರೆ ಕಾಯುವುದೇ ಲೇಸು. ಐದು ವರ್ಷಗಳ ಒಟ್ಟು ವೆಚ್ಚವನ್ನು ಕೂಡಿಸಿ, ವಾರದ ನಿಜವಾದ ಬಿಡುವಿನಿಂದ ಭಾಗಿಸಬೇಕು. ಬಂದ ಉತ್ತರವನ್ನು ಮನೆಯವರೆಲ್ಲ ಕುಳಿತು ನೋಡಬೇಕು.

ಹೀಗೆ ಲೆಕ್ಕಹಾಕಿದ ಮೇಲೆ ಕೊಳ್ಳಬೇಕೆಂದು ತೋರಿದರೆ ಕೊಂಡ ವಸ್ತುವಿನಲ್ಲಿ ಪಶ್ಚಾತ್ತಾಪದ ನೆರಳಿರುವುದಿಲ್ಲ. ಬೇಡವೆಂದು ತೋರಿದರೆ ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಮಾರುಕಟ್ಟೆ ಹೊಸ ಯಂತ್ರವನ್ನು ತರುವುದನ್ನು ಎಂದೂ ಬಿಡದು. ಆದರೆ ಲೆಕ್ಕಹಾಕದೆ ಕೊಂಡವನು ಕೊಂಡ ಮೇಲೆ ತನ್ನ ಆಯ್ಕೆಗೆ ಸಮರ್ಥನೆಗಳನ್ನು ಹುಡುಕತೊಡಗುತ್ತಾನೆ. ಕಾರಣ ಮೊದಲು, ಖರೀದಿ ಅನಂತರ ಎಂಬ ಕ್ರಮವನ್ನು ಒಂದು ಆಟದ ಯಂತ್ರದ ಮಟ್ಟಿಗೆ ಕಲಿತವನಿಗೆ, ಮುಂದೆ ವಾಹನ, ಮನೆ ಮೊದಲಾದ ದೊಡ್ಡ ವಸ್ತುಗಳನ್ನು ಕೊಳ್ಳುವ ಕಾಲದಲ್ಲಿಯೂ ಆ ಕಲಿಕೆ ನೆರವಿಗೆ ಬರುತ್ತದೆ.